ಕೆಂಪು ಕಾರು, ನಡುವಿನ ಸೀಟು

ಐವತ್ತೆಂಟು ವರ್ಷ ಕಂಡವರ ಕಾರು ನೋಡಿ ಹೊಟ್ಟೆ ಉರಿಸಿಕೊಂಡು ಬದುಕಿದವನು ನಾನು. ಸಾಕು, ಇನ್ನು ಉರಿದುಕೊಳ್ಳುವ ಸರದಿ ಬೇರೆಯವರದು ಎಂದು ಶಪಥ ಮಾಡಿ, ಜಪಾನಿನ ತೊತ್ತೊರಿ ಪಟ್ಟಣದ ನೀರು ಸರಬರಾಜು ಕಚೇರಿಯ ಗುಮಾಸ್ತನಾದ ಈ ಕುನಿಹಿರೊ ಒಂದು ಸ್ಪೋರ್ಟ್ಸ್ ಕಾರು ಕೊಂಡೇಬಿಟ್ಟ! ಕೆಂಪು ಬಣ್ಣ, ಎರಡೇ ಸೀಟು, ಗುಂಡಿ ಒತ್ತಿದರೆ ಮಡಚಿಕೊಳ್ಳುವ ಚಾವಣಿ. ಸ್ಪೋರ್ಟ್ಸ್ ಕಾರುಗಳಲ್ಲೆಲ್ಲ ಅಗ್ಗದ್ದು ಎಂಬುದು ನಿಜ. ಆದರೆ ಬೆಲೆಚೀಟಿಯನ್ನು ಗಾಜಿಗೆ ಅಂಟಿಸಿಕೊಂಡು ಯಾರೂ ಓಡಾಡುವುದಿಲ್ಲವಲ್ಲ!

ದೇಗುಲದ ಅರ್ಚಕರು ಬಿಳಿ ಕಾಗದದ ಕುಚ್ಚನ್ನು ಬಾನೆಟ್ಟಿನ ಮೇಲೆ ಝಾಡಿಸಿ ಹರಸಿಕೊಟ್ಟರು. ಮನೆಯ ಮುಂದೆ ತಂದು ನಿಲ್ಲಿಸಿದಾಗ ಪಕ್ಕದ ಮನೆಯ ಹಿರಾಯ್ ಮನೆಚಪ್ಪಲಿಯಲ್ಲೇ ಓಡಿಬಂದ. ಅವನದು ಬೆಂಕಿಪೊಟ್ಟಣದಂಥ ಚಿಕ್ಕ ಕಾರು. ಹದಿನಾಲ್ಕು ವರ್ಷದಲ್ಲಿ ಒಂದು ಸಲ ಕೆಮ್ಮಿದ್ದೂ ಇಲ್ಲ.

"ಜೋರಾಗಿದೆಯಲ್ರೀ! ಅಕ್ಕಿ ಮೂಟೆ ಎಲ್ಲಿಡ್ತೀರಿ?"

"ಇದು ಅಕ್ಕಿ ಹೊರೋ ಕಾರಲ್ಲ ಕಣಯ್ಯಾ!"

ಅವನ ಕಣ್ಣಲ್ಲಿ ಹೊಗೆಯಾಡುತ್ತಿದೆಯೇ ಎಂದು ಬಗ್ಗಿ ನೋಡಿದೆ. ಸ್ವಲ್ಪ ಆಡಿದಂತೆ ಕಂಡು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೊಗೆ ನಿಜವಾಗಿ ಎದ್ದದ್ದು ಹನ್ನೊಂದನೆಯ ದಿನ, ನನ್ನ ಕಾರಿನ ಬಾನೆಟ್ಟಿನಿಂದ! ಪಿಯರ್ ಹಣ್ಣಿನ ತೋಟಗಳ ನಡುವಿನ ರಸ್ತೆ. ಎಂಜಿನ್ನು ಬಂದ್, ಚಾವಣಿ ಅರ್ಧ ಮಡಚಿ ಸ್ಥಗಿತ. ಅಷ್ಟರಲ್ಲಿ ಮಳೆ! ಬುತ್ತಿ ಮರೆತರೂ ಕೊಡೆ ಮರೆಯಬೇಡ ಎಂಬುದು ನಮ್ಮ ಕಡೆಯ ಗಾದೆ. ನನ್ನ ಹೆಂಡತಿ ಸುಮಿಯೆ ಎರಡನ್ನೂ ಮರೆಯುವವಳಲ್ಲ. ಕಾರಿನೊಳಗೇ ಕೊಡೆ ಬಿಚ್ಚಿ ಕೂತಳು.

"ರೀ, ಇದೂ ಸ್ಪೋರ್ಟ್ಸೇನಾ?"

"ಸುಮ್ನಿರೆ. ಹೊಸ ಎಂಜಿನ್ನು, ಒಗ್ಗೋವರೆಗೂ ಹೀಗೇ."

"ಹಿರಾಯ್ ಅವರ ಕಾರು ಒಗ್ಗೋಕೆ ಎಷ್ಟು ದಿನ ತಗೊಳ್ತಂತೆ?"

ನಾನು ವಿಮೆಯವರಿಗೆ ಫೋನ್ ಮಾಡಿದೆ. ಕೆಟ್ಟ ಗಾಡಿ ಹೊತ್ತೊಯ್ಯುವ ಲಾರಿ ಬಂತು. ಅದರಿಂದ ಇಳಿದ ಚಾಲಕನ ಹೆಸರು ಕಗೆಯಮಾ. ನನ್ನದೇ ವಯಸ್ಸು, ಆದರೆ ತಲೆ ತುಂಬ ಕೂದಲು! ಸುಮಿಯೆಗೆ ಮಂಡಿನೋವು. ನನ್ನ ಕಾರಿನಿಂದ ಅವಳನ್ನು ಇಳಿಸುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆ. ಕಗೆಯಮಾ ಅದನ್ನು ನೋಡಿದವನೇ ಲಾರಿ ಹತ್ತಲು ಒಂದು ಪುಟ್ಟ ಮಣೆ ತಂದಿಟ್ಟ. ಅವಳಿಗೆ ಕಿಟಕಿ ಪಕ್ಕದ ಸೀಟು. ನನಗೆ ನಡುವಿನದು, ಮಂಡಿಗಳ ಮಧ್ಯೆ ಗೇರಿನ ಕೋಲು.

"ಅಬ್ಬಾ! ರೀ, ಇಲ್ಲಿಂದ ಸಮುದ್ರ ಕಾಣುತ್ತೆ!"

"ಬೆಚ್ಚಗಿದೆಯಾ ಅಮ್ಮಾವ್ರೇ? ರೇಡಿಯೊ ಹಾಕ್ಲಾ?" ಎಂದ ಕಗೆಯಮಾ.

ಮೂವತ್ತೊಂದು ವರ್ಷದಲ್ಲಿ ರೇಡಿಯೊ ಹಾಕಲೇ ಎಂದು ನಾನು ಅವಳನ್ನು ಕೇಳಿದ್ದಿಲ್ಲ.

ಇಳಿಯುವಾಗ ಸುಮಿಯೆ ಬುತ್ತಿಯಲ್ಲಿ ಉಳಿದಿದ್ದ ಎರಡು ಅನ್ನದುಂಡೆಗಳನ್ನು ಅವನಿಗೆ ಕೊಟ್ಟಳು. ಅಲ್ಲಿಂದ ಶುರುವಾಯಿತು ನೋಡಿ! ನಮ್ಮಲ್ಲಿ ತೆಗೆದುಕೊಂಡ ಕೈ ತಿರುಗಿ ಕೊಡದೆ ಇರುವಂತಿಲ್ಲ. ಮುಂದಿನ ತಿಂಗಳು ಕ್ಲಚ್ಚು ಕೈಕೊಟ್ಟಾಗ ಕಗೆಯಮಾ ಒಂದು ಚೀಲ ಪಿಯರ್ ಹಣ್ಣಿನೊಂದಿಗೆ ಬಂದ. ಹಣ್ಣಿಗೆ ಸುಮಿಯೆಯ ಕಡೆಯಿಂದ ಸಣ್ಣೀರುಳ್ಳಿ ಉಪ್ಪಿನಕಾಯಿ. ರೇಡಿಯೇಟರ್ ಸೋರಿದಾಗ ಉಪ್ಪಿನಕಾಯಿಗೆ ಪ್ರತಿಯಾಗಿ ಒಣಮೀನು. ಸ್ಟಾರ್ಟರ್ ಸತ್ತಾಗ ಒಣಮೀನಿಗೆ ಉತ್ತರ, ಅವಳೇ ಹೆಣೆದ ಉಣ್ಣೆಯ ಟೋಪಿ! ಅದು ನನಗೆಂದೇ ಹೆಣೆಯುತ್ತಿದ್ದಾಳೆ ಎಂದು ಒಂದು ತಿಂಗಳು ಉಬ್ಬಿಕೊಂಡಿದ್ದೆ. ಬೋಳುತಲೆ ನನ್ನದು, ಟೋಪಿ ಅವನಿಗೆ! ಹೊಟ್ಟೆಕಿಚ್ಚಿಗೆ ನಿದ್ದೆ ಬರಲಿಲ್ಲ ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ಕಿಟಕಿ ಗಾಜು ಕುಸಿದ ದಿನ ಟೋಪಿಗೆ ಬದಲಾಗಿ ಒಂದು ಪೆಟ್ಟಿಗೆ ಏಡಿ ಬಂತು. ಏಡಿಯನ್ನು ನಾನೇ ಜಾಸ್ತಿ ತಿಂದೆ, ಸೇಡಿನಿಂದ!

ಆಮೇಲೆ ಕಾರು ಮಾರಿದ ಅಂಗಡಿಯ ಮುಖ್ಯ ಮೆಕ್ಯಾನಿಕ್ ನಡು ಬಗ್ಗಿಸಿ ಕ್ಷಮೆ ಕೇಳಿ, ಒಳಗೆ ಏನೇನೋ ಬದಲಾಯಿಸಿಕೊಟ್ಟ. ಪವಾಡ! ಒಂದು ವಾರ ಕೆಡಲಿಲ್ಲ. ಮೂರು ವಾರ ಕೆಡಲಿಲ್ಲ. ನಾನು ಎದೆಯುಬ್ಬಿಸಿ ನಡೆದೆ. ಸುಮಿಯೆ ಮಾತ್ರ ಬಾಡತೊಡಗಿದಳು.

"ರೀ, ಕಾರು ಯಾವಾಗ ಕೆಡುತ್ತೆ?"

"ಏನಂದೆ?"

"ಏಡಿಗೆ ಬದಲು ಅಂತ ಕೆಂಪುಕಾಳಿನ ಹೂರಣದ ಸಿಹಿ ತಂದಿಟ್ಟಿದೀನಿ. ಬುಧವಾರಕ್ಕೆ ಹಳಸಿಹೋಗುತ್ತೆ."

"ಹೋಗಿ ಕೊಟ್ಟು ಬಾ!"

"ಚೆನ್ನಾಗಿರುತ್ತಾ? ಗಂಡಸೊಬ್ಬರು ಕೆಲಸ ಮಾಡೋ ಜಾಗಕ್ಕೆ ಗಂಟು ಹಿಡ್ಕೊಂಡು ಹೋಗೋದು! ಕಾರು ಕೆಟ್ಟಾಗ ಕೊಟ್ರೇನೇ ಮರ್ಯಾದೆ."

ಭಾನುವಾರ ಅವಳನ್ನು ಕೂರಿಸಿಕೊಂಡು ಸಮುದ್ರದ ದೀಪಸ್ತಂಭದವರೆಗೆ ಹೊರಟೆ. ಗಂಡ ಯಾರು, ಗಾಡಿ ಯಾವುದು ಎಂದು ತೋರಿಸಿಯೇ ಬಿಡುವ ಹಟ! ಅವಳ ಕೊರಳಲ್ಲಿ ರೇಷ್ಮೆಯ ಸ್ಕಾರ್ಫು, ತೊಡೆಯ ಮೇಲೆ ಸಿಹಿಯ ಪೆಟ್ಟಿಗೆ. ತುಟಿಗೆ ಬಣ್ಣ! ನನ್ನ ಜೊತೆ ಹೊರಡುವಾಗ ಅದನ್ನು ಕೊನೆಯ ಸಲ ಹಚ್ಚಿದ್ದು ನಮ್ಮ ಮದುವೆಯ ದಿನ.

"ಏನೋ ಸದ್ದು ಬಂತಲ್ಲ?" ಅವಳ ಮುಖ ಅರಳಿತು.

"ಅದು ಹದ್ದು!"

ಕಾರು ಬೆಣ್ಣೆಯಂತೆ ಹೋಗಿ ಬೆಣ್ಣೆಯಂತೆ ಬಂತು. ಇಳಿಯುವಾಗ ಅವಳು ಬಿಟ್ಟ ನಿಟ್ಟುಸಿರಿಗೆ ಟೈರಿನ ಗಾಳಿ ಹೋಯಿತೇನೋ ಎಂದು ಗಾಬರಿಯಾದೆ.

ಸೋಮವಾರ ಅಂಗಡಿಯಿಂದ ಅಂಚೆ ಬಂತು. ವರ್ಷ ತುಂಬಿದ ಗ್ರಾಹಕರ ಸಂತೃಪ್ತಿ ತಿಳಿಯುವ ಪ್ರಶ್ನಾವಳಿ. ಮಾಲೀಕನ ಭಾಗದಲ್ಲಿ ಎಲ್ಲದಕ್ಕೂ 'ಅತ್ಯುತ್ತಮ' ಎಂದು ಗೀಚಿದೆ. ಪಕ್ಕದಲ್ಲಿ ಕೂರುವವರ ಭಾಗವನ್ನು ಸುಮಿಯೆ ತುಂಬಿದಳು. ಅಂಚೆಗೆ ಹಾಕುವ ಮುಂಚೆ ಓದಿದೆ.

'ಸೀಟು: ಎತ್ತರ. ಮಂಡಿಗೆ ಹಿತ. ನೋಟ: ಸಮುದ್ರ ಪೂರ್ತಿ ಕಾಣುತ್ತದೆ. ಚಾಲಕ: ಕೇಳಿಯೇ ರೇಡಿಯೊ ಹಾಕುತ್ತಾರೆ.'

ಕ್ಷಣಕಾಲ ಹಿಗ್ಗಿದೆ. ಆಮೇಲೆ, ನನ್ನ ಕಾರಿನಲ್ಲಿ ಕೂತರೆ ಮುಂದಿನ ಲಾರಿಯ ಚಕ್ರ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂಬುದು ನೆನಪಾಯಿತು. ಕೊನೆಯ ಸಾಲು ಹೀಗಿತ್ತು: 'ಕಾರು ನಂಬಿಕೆಗೆ ಅರ್ಹವೇ: ಮೊದಲಿನ ಹಾಗಿಲ್ಲ. ಐದು ವಾರದಿಂದ ಒಮ್ಮೆಯೂ ಕೆಟ್ಟಿಲ್ಲ.'

ಹೊಟ್ಟೆ ಉರಿಯಿತು, ನಿಜ. ಆದರೆ ಅವಳ ಮುಖ ಅರಳಿದ್ದು ಹದ್ದಿನ ಸದ್ದಿಗೆ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು.

ಮಂಗಳವಾರ ಬೆಳಗ್ಗೆ ಬಾನೆಟ್ಟು ಎತ್ತಿ, ಬ್ಯಾಟರಿಯ ತಂತಿಯನ್ನು ಕೈಯಾರೆ ಸಡಿಲಿಸಿ ಫೋನ್ ಮಾಡಿದೆ.

ಕಗೆಯಮಾ ಬಂದ, ಉಣ್ಣೆಯ ಟೋಪಿ ಹಾಕಿಕೊಂಡೇ. ಎಂಜಿನ್ನಿನೊಳಗೆ ಒಮ್ಮೆ ಇಣುಕಿದ. ನನ್ನ ಕೈಯಲ್ಲಿ ಇನ್ನೂ ಉಳಿದಿದ್ದ ಸ್ಪಾನರನ್ನು ಒಮ್ಮೆ ನೋಡಿದ. ಆಮೇಲೆ ಗಂಭೀರವಾಗಿ ಹೇಳಿದ: "ಯಜಮಾನ್ರೇ, ಇದು ಇಲ್ಲಿ ಆಗೋ ಕೆಲ್ಸ ಅಲ್ಲ. ಹೊತ್ಕೊಂಡೇ ಹೋಗ್ಬೇಕು. ಸಮುದ್ರದ ದಾರೀಲಿ ಹೋಗೋಣ."

ಸುಮಿಯೆ ಆಗಲೇ ಸಿಹಿಯ ಪೆಟ್ಟಿಗೆ ಹಿಡಿದು ಮೇಲೆ ಕೂತಿದ್ದಳು. "ರೀ, ಬೇಗ ಹತ್ತಿ! ನಿಮ್ಮ ಸೀಟು ಖಾಲಿ ಇದೆ!"

ಗೇರಿನ ಕೋಲಿನ ಎರಡೂ ಕಡೆ ಮಂಡಿ ಮಡಚಿ ಕೂತೆ. ಬೇಲಿಯಾಚೆ ಹಿರಾಯ್ ತನ್ನ ಬೆಂಕಿಪೊಟ್ಟಣ ಒರೆಸುತ್ತಿದ್ದ. ಅವನ ಹೆಂಡತಿ ಲಾರಿಯ ಮೇಲಿನ ಸುಮಿಯೆಯನ್ನು ಕಣ್ಣು ಮಿಟುಕಿಸದೆ ನೋಡಿ, ಗಂಡನ ಕಡೆ ತಿರುಗಿ ಸಿಡುಕಿದಳು. ಕೊನೆಗೂ ನನ್ನ ಶಪಥ ಈಡೇರಿತು!

"ನಮ್ಮನೇಲೂ ಇದೆ ಒಂದು ಕಾರು, ಹಾಳಾದ್ದು! ಹದಿನಾಲ್ಕು ವರ್ಷ ಆಯ್ತು, ಒಂದು ಸಲನಾದ್ರೂ ಕೆಟ್ಟಿದೆಯಾ?"