ಕಮಾನು ತಾಗಿದ್ದು

ಸುದ್ದಿ ಬರೆಯುವವನು ಎರಡು ಅರ್ಥದ ಪದವನ್ನು ಹತ್ತಿರ ಬಿಟ್ಟುಕೊಳ್ಳಬಾರದು. ನಿಜಾಮರ ಕಾಲದಲ್ಲಿ ಕಲ್ಯಾಣದಿಂದ ಪತ್ರಿಕೆಗೆ ವರದಿ ಕಳಿಸುತ್ತಿದ್ದ ನಾನು ಬರವಣಿಗೆಯಲ್ಲಿ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ನನ್ನ ಬಾಯಿಗೆ ಮಾತ್ರ ಸಂಪಾದಕರಿರಲಿಲ್ಲ.

ನಮ್ಮ ಓಣಿಯ ಬಾಯಲ್ಲೊಂದು ಕಲ್ಲಿನ ಕಮಾನು. ಮನೆಯ ಟಾಂಗಾದ ಛತ್ತು ಅದಕ್ಕೆ ತಾಗುತ್ತಿದ್ದುದರಿಂದ ಎಲ್ಲರೂ ಆಚೆಗೇ ಇಳಿದು ನಡೆದು ಬರಬೇಕು. ಹುಮನಾಬಾದಕ್ಕೆ ಕೊಟ್ಟ ನಮ್ಮಕ್ಕ ಇದನ್ನು ಅವಮಾನವೆಂದು ತೀರ್ಮಾನಿಸಿದ್ದಳು. ಅಕ್ಕನ ಮೈಕಟ್ಟು ಧಾರಾಳವಾದದ್ದು. ಅವಳು ನಡೆದರೆ ಓಣಿಯೆಲ್ಲ ಕಟ್ಟೆಗೆ ಬಂದು ನೋಡುತ್ತಿತ್ತು. ಅಷ್ಟರಲ್ಲಿ ನನ್ನ ಮಗನಿಗೆ ಹೆಸರಿಡುವ ದಿನ ಬಂತು. ಸೋದರತ್ತೆ ಕಿವಿಯಲ್ಲಿ ಊದದ ಹೊರತು ಹೆಸರು ಹೆಸರೇ ಅಲ್ಲ. "ಟಾಂಗಾ ಬಾಗಲತನಾ ಹೋದ್ರ ಬರ್ತೀನಿ. ಇಲ್ಲಾಂದ್ರ ನಿನ್ನ ಮಗ ಹೆಸರಿಲ್ಲದ ಬೆಳೀಲಿ" ಎಂದು ಹೇಳಿ ಕಳಿಸಿದಳು.

ಟಾಂಗಾ ರಿಪೇರಿಯ ಖಾದರಸಾಬರಿಗೆ ಹೇಳಿದೆ: "ಕಮಾನ ತಾಗಾಕತ್ತದ್ರಿ, ಇಳಿಸಿ ಕೊಡ್ರಿ." ಛತ್ತಿನ ಕಂಬಿ ಮೋಟು ಮಾಡಲಿ ಎಂದು ನನ್ನ ಅರ್ಥ. ಆದರೆ ಅಚ್ಚಿನ ಮೇಲೆ ಗಾಡಿಯನ್ನು ಹೊರುವ ಉಕ್ಕಿನ ಪಟ್ಟಿಗಳಿಗೂ ಅವರ ಕಸುಬಿನಲ್ಲಿ ಕಮಾನೆಂದೇ ಹೆಸರು. ಅವೇ ತಾಗುತ್ತಿವೆ ಎಂದುಕೊಂಡ ಅವರು ಅವನ್ನು ಅಚ್ಚಿನ ಕೆಳಗೆ ಇಳಿಸಿ ಕಟ್ಟಿದರು. ಗಾಡಿ ಇಳಿಯಿತು, ಅಚ್ಚು ಚೌಕಟ್ಟಿಗೆ ಬಡಿಯತೊಡಗಿತು. ಅದಕ್ಕೆ ಜಾಗ ಬೇಕಲ್ಲ ಎಂದು ಚೌಕಟ್ಟಿನ ಎರಡೂ ತೊಲೆಗಳನ್ನು ಅರ್ಧಕ್ಕೆ ಕೆತ್ತಿಬಿಟ್ಟರು.

"ಇಷ್ಟ ತೆಳ್ಳಗಾದ್ರ ತಡೀತದೇನ್ರಿ?"

"ಸಾಗವಾನಿ ಅದರಿ ಸಾಹೇಬ್ರ. ಆನಿ ಕುಂತ್ರೂ ಮುರಿಯಾಂಗಿಲ್ಲ."

ಖಾಲಿ ಟಾಂಗಾ ಕಮಾನಿನಡಿ ಸಲೀಸಾಗಿ ನುಸುಳಿದ್ದನ್ನು ಕಂಡು ನಾನೂ ಕೂಲಿ ಎಣಿಸಿ ಕೊಟ್ಟೆ.

ಹೆಸರಿಡುವ ದಿನ ಅಕ್ಕ ಹುಮನಾಬಾದದಿಂದ ಅದೇ ಟಾಂಗಾದಲ್ಲಿ ರಾಣಿಯಂತೆ ಬಂದಳು. ಕಮಾನಿನ ಕೆಳಗೊಂದು ಸಣ್ಣ ತಗ್ಗು. ಚಕ್ರ ಅದಕ್ಕಿಳಿದದ್ದೇ ತಡ, ತೊಲೆಗಳು ಕೆತ್ತಿದಲ್ಲೇ ಲಟಕ್ಕೆಂದವು. ಟಾಂಗಾ ನೆಲ ಹಿಡಿಯಿತು. ಅಕ್ಕ ಕುಳಿತಲ್ಲಿಂದ ಅಲ್ಲಾಡಲಿಲ್ಲ.

"ಇಳೀ ಅಕ್ಕಾ, ಮನಿ ಅಲ್ಲೇ ಕಾಣಾಕತ್ತದ."

"ಕಾಣತದಲಾ? ಹಂಗಾರ ಕೂಸಿನ್ನ ಇಲ್ಲೇ ತಗೊಂಬಾ. ಪೇಪರಿನಾಗ ಬರೀತಾನಂತ, ಒಂದ ಮಾತು ನೆಟ್ಟಗ ಹೇಳಾಕ ಬರಾಂಗಿಲ್ಲ!"

ಓಡಿಬಂದ ಖಾದರಸಾಬರು ತೊಲೆಯನ್ನು ನೋಡಿದರು, ಅಕ್ಕನನ್ನು ನೋಡಿದರು, ನನ್ನ ಕಿವಿಯಲ್ಲಿ ಮೆಲ್ಲಗೆ ಅಂದರು: "ನಾ ಆನಿ ಅಂತಷ್ಟ ಅಂದಿದ್ದೆರಿ ಸಾಹೇಬ್ರ."

ತೊಟ್ಟಿಲು ಕಮಾನಿನಡಿಗೆ ಬಂತು. ಅಕ್ಕ ಮುರಿದ ಟಾಂಗಾದಲ್ಲಿ ಕುಳಿತೇ ಮಗುವಿನ ಕಿವಿಯಲ್ಲಿ 'ಚಂದ್ರಶೇಖರ' ಎಂದು ಊದಿದಳು. ಓಣಿ ಅದನ್ನು ಒಪ್ಪಲಿಲ್ಲ. ಅವನು ಇವತ್ತಿಗೂ ಕಮಾನಪ್ಪ. ನಾಮಕರಣ ನಿರ್ವಿಘ್ನವಾಗಿ ನೆರವೇರಿತೆಂದು ನಾನು ಪತ್ರಿಕೆಗೆ ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಆ ಹೆಸರು ಈಗ ಅಲ್ಲಿ ಮಾತ್ರ ಉಳಿದಿದೆ. ಓಣಿಯಲ್ಲಿ ಅದನ್ನು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಮಾನಪ್ಪನ ಅಪ್ಪ ಎಂದರೆ ಬಾಗಿಲತನಕ ಬಿಟ್ಟುಹೋಗುತ್ತಾರೆ.