ಮಳಖೇಡದ ಮುತ್ಯಾನ ಗಾಳಿ

ರೋಗಿಯ ಹೊಟ್ಟೆ ಕೊಯ್ಯುವಾಗ ನನ್ನ ಕೈ ನಡುಗುವುದಿಲ್ಲ. ಕೊಯ್ದಾದ ಮೇಲೆ ಕಾಲು ಒಂದೆಡೆ ನಿಲ್ಲುವುದಿಲ್ಲ. ನಗುವಂಥ ಪ್ರಸಂಗಗಳೆಲ್ಲ ಇಂಥ ಚಡಪಡಿಕೆಯ ಹೊತ್ತಿನಲ್ಲೇ ನನ್ನನ್ನು ಹುಡುಕಿಕೊಂಡು ಬರುತ್ತವೆ.

ಶಹಾಬಾದಿನ ನಮ್ಮ ಚಿಕ್ಕ ಆಸ್ಪತ್ರೆಯಲ್ಲಿ ಮಳಖೇಡದ ಅಜ್ಜ ಒಬ್ಬರು ಇದ್ದರು, ಎಲ್ಲರಿಗೂ ಮುತ್ಯಾ; ಅವರ ಕರುಳು ತಿರುಚಿಕೊಂಡಿತ್ತು. ಕೆಟ್ಟ ತುಂಡು ಕತ್ತರಿಸಿ ಜೋಡಿಸಿದ್ದೆ. ಕರುಳು ಮತ್ತೆ ನಡೆಯತೊಡಗಿದೆ ಅನ್ನಬೇಕಾದರೆ ಗಾಳಿ ಹೋಗಬೇಕು. ಹೋಗದಿದ್ದರೆ ಇನ್ನೊಮ್ಮೆ ಹೊಟ್ಟೆ ತೆರೆಯಬೇಕು. ಆ ಜೀವ ಅದನ್ನು ತಡೆದುಕೊಳ್ಳುತ್ತಿರಲಿಲ್ಲ. ಗಾಳಿ ಹೋಯಿತೇ ಎಂದು ನಾನು ಹೋಗಿ ಹೋಗಿ ಕೇಳುತ್ತಿದ್ದೆ. ಮಂಚದ ಸುತ್ತ ಸೆರಗು ಹೊದ್ದು ನಿಂತ ಸೊಸೆಯರ ನಡುವಿನಿಂದ ಮುತ್ಯಾ "ಇಲ್ರಿ" ಅನ್ನುತ್ತಿದ್ದರು.

1. ಕಡಕ್ ಉಪಾಸ

ಆ "ಇಲ್ರಿ" ಕೇಳಿಕೊಂಡೇ ಆಪರೇಷನ್ ಕೋಣೆಗೆ ಹೋದೆ. ಅಲ್ಲಿ ಚಿತ್ತಾಪುರದ ಒಬ್ಬ ಅಮ್ಮ, ಹರ್ನಿಯಾ.

"ಮುಂಜಾನಿಂದ ಏನರ ತಿಂದೀರೇನ್ರಿ?"

"ಇಲ್ರಿ ಸಾಹೇಬ್ರ. ಶಿವರಾತ್ರಿಗಿ ಹಿಡ್ದಂಗ ಕಡಕ್ ಉಪಾಸ ಹಿಡ್ದೀನಿ."

ನನಗೆ ಅನುಮಾನ ಬಂತು. "ಶಿವರಾತ್ರಿಗಿ ಏನೇನ್ ತಗೋತೀರಿ?"

"ಸಾಬೂದಾಣಿ, ಶೇಂಗಾ ಉಂಡಿ, ಬಾಳೆಹಣ್ಣು, ಹಾಲು. ರೊಟ್ಟಿ ಮಾತ್ರ ಮುಟ್ಟಂಗಿಲ್ರಿ!"

ತುಂಬಿದ ಹೊಟ್ಟೆಯವರಿಗೆ ಅರಿವಳಿಕೆ ಕೊಡುವಂತಿಲ್ಲ. ಮರುದಿನಕ್ಕೆ ಹಾಕಿದೆ. ಆಕೆ ಹೊಟ್ಟೆ ಸವರಿಕೊಂಡು ಅಂದಳು: "ನಾಳಿ ಸುದ್ದಾ ಉಪಾಸ ಅಂದ್ರ ಹ್ಯಾಂಗ್ರಿ? ಇವತ್ತಿಂದೇ ಭಾಳ ಆಗ್ಯದ."

2. ಖಣಿಯವರ ಮಾನ

ಸಂಜೆ ಮುತ್ಯಾನ ಹತ್ತಿರ ಹೋದರೆ ನಾತ ಮೂಗಿಗೆ ಬಡಿಯಿತು. ಮುತ್ಯಾ ಮಂಚದ ಬಳಿ ನಿಂತಿದ್ದ ನಮ್ಮ ಕಂಪೌಂಡರನನ್ನೇ ದಿಟ್ಟಿಸಿ ನೋಡುತ್ತಿದ್ದರು. ಅವನದೇ ಕೆಲಸ ಅಂದುಕೊಂಡು ನಾನು ಅವನನ್ನು ಬೈದು ಹೊರಗೆ ಕಳಿಸಿದೆ. ಗಾಳಿ? "ಇಲ್ರಿ."

ಅದೇ ಸಿಡುಕಿನಲ್ಲಿ ಭಂಕೂರಿನ ಕಲ್ಲುಗಣಿಯ ಕೆಲಸದವನೊಬ್ಬನ ಪಿತ್ತಕೋಶ ತೆಗೆದು, ಅದರೊಳಗಿನ ಕಲ್ಲುಗಳನ್ನು ಹೊರಗೆ ಕಾಯುತ್ತಿದ್ದ ಅವನ ಅಣ್ಣನಿಗೆ ತೋರಿಸಿದೆ. ಅವನೂ ಖಣಿಯವನೇ. ಒಂದು ಕಲ್ಲನ್ನು ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ, ಬೆರಳಲ್ಲಿ ಒತ್ತಿದ. ಅದು ಪುಡಿಯಾಯಿತು.

"ಆಳೆತ್ತರದ ಫರ್ಸಿ ಕಲ್ಲ ಎತ್ತೋ ಗಂಡಸ್ರಿ ಅವ. ಇಂಥಾ ಹಾಳ ಕಲ್ಲಿಗಿ ಓಣಿಗೆಲ್ಲ ಕೇಳಂಗ ಚೀರ್ಯಾನ? ಸಾಹೇಬ್ರ, ಖಣಿಯಾಗ ಯಾರಿಗೂ ಹೇಳಬ್ಯಾಡ್ರಿ. ನಮ್ಮ ಮಾನ ಹೋಗ್ತದ!"

3. ಯಾರದು?

ಮರುದಿನ ಮುಂಜಾನೆ ಮುತ್ಯಾನ ಹೊಟ್ಟೆ ಮೆತ್ತಗಿತ್ತು, ಒಳಗೆ ಗುಡುಗುಡು ಸದ್ದೂ ಇತ್ತು. ಬಾಯಲ್ಲಿ ಮಾತ್ರ ಅದೇ "ಇಲ್ರಿ". ನನಗೆ ತಲೆ ಕೆಟ್ಟುಹೋಯಿತು. ಮಂಚಕ್ಕೂ ಕಿಟಕಿಗೂ ತಿರುಗಾಡಿ, "ಮುತ್ಯಾ, ಇವತ್ತೂ ಹೋಗ್ಲಿಲ್ಲಂದ್ರ ಮತ್ತ ಹೊಟ್ಟಿ ತೆರಿಬೇಕಾಗ್ತದ" ಅಂದೆ.

ಅನ್ನುವಷ್ಟರಲ್ಲಿ ಕೋಣೆ ತುಂಬ ಕೇಳುವಂತೆ ಸದ್ದಾಯಿತು. ಎಲ್ಲರೂ ನೆಲ ನೋಡಿದರು. ಮುತ್ಯಾ ಗೋಡೆಯ ಕಡೆ ಹೊರಳಿದರು.

ಮಾವನೆದುರು ಎಂದೂ ಬಾಯಿ ಬಿಡದ ಹಿರಿಯ ಸೊಸೆ ಸೆರಗು ಎಳೆದುಕೊಂಡು ಮುಂದೆ ಬಂದಳು. "ತಪ್ಪಾತ್ರಿ ಸಾಹೇಬ್ರ. ಅದು ನಂದು."

"ನಿಂದು ತಗೊಂಡು ನಾ ಏನ್ ಮಾಡ್ಲೆವ್ವ? ನಿನ್ನ ಹೊಟ್ಟಿ ನಾ ಕೊಯ್ದಿಲ್ಲ!"

"ನಂದೂ ಇರಬಹುದ್ರಿ" ಅಂದಳು ಕಿರಿಯ ಸೊಸೆ.

"ನೋಡ್ರವ್ವ, ಅವರದಂದ್ರ ಅವರಿಗಿ ಇವತ್ತ ಗಂಜಿ. ನಿಮ್ಮದಂದ್ರ ಅವರಿಗಿ ಮತ್ತ ಕತ್ತರಿ. ಯಾರದು ಹೇಳ್ರಿ!"

ಹಿರಿಯ ಸೊಸೆಯ ಕಣ್ಣಲ್ಲಿ ನೀರು ಬಂತು. ಕೊನೆಗೆ ಮುತ್ಯಾ ಗೋಡೆಗೇ ಹೇಳಿದರು: "ಬಂಗಾರದಂಥ ಸೊಸ್ತೇರ ಮ್ಯಾಲ ಹಾಕಬ್ಯಾಡ್ರಿ. ನಂದೇ ಅದ."

ಅಬ್ಬಾ! ಖುಷಿಗೆ ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ. ಸೊಸೆಯರು ಗಂಜಿ ತರಲು ಓಡಿದರು. ಅವರು ಬಾಗಿಲು ದಾಟಿದ ಮೇಲೆ ಮುತ್ಯಾ ಮೆಲ್ಲಗೆ ನನ್ನ ಕಡೆ ಹೊರಳಿದರು.

"ಆ ಕಂಪೌಂಡರಗ ಒಳಗ ಕರಕೋರಿ ಸಾಹೇಬ್ರ. ನಿನ್ನಿ ಸಂಜಿದೂ ನಂದೇ."