ಉನೈಜಾಕ್ಕೆ ನಾನೊಬ್ಬನೇ

ನಲವತ್ತೈದು ದಾಟಿದ ಗಂಡಸಿಗೆ ಎರಡು ಕಾಯಿಲೆಗಳು ತಪ್ಪಿದ್ದಲ್ಲ ಎಂದು ನನ್ನ ಅನುಭವ. ಒಂದು ಸಕ್ಕರೆ ಕಾಯಿಲೆ. ಅದಕ್ಕೆ ಮಾತ್ರೆ ಉಂಟು. ಇನ್ನೊಂದು, ತನ್ನನ್ನು ತಾನು ಹುಡುಕಿಕೊಂಡು ಎಲ್ಲಿಗಾದರೂ ಒಬ್ಬನೇ ಹೋಗಬೇಕೆಂಬ ಕಾಯಿಲೆ. ಅದಕ್ಕೆ ಬೈಕೇ ಆಗಬೇಕು. ನನಗೆ ಎರಡೂ ಒಂದೇ ವರ್ಷ ಅಂಟಿಕೊಂಡವು. ಹತ್ತು ವರ್ಷದಿಂದ ಗಲ್ಫಿನ ಯಾನ್ಬು ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಎ.ಸಿ. ಕೋಣೆಯೊಳಗೆ ಕೂತು ಮೀಟರು ನೋಡುತ್ತಿದ್ದ ನಾನು, ಊರಿಗೆ ಹೊರಟಿದ್ದ ಸಹೋದ್ಯೋಗಿಯಿಂದ ಹಳೆಯ ಬೈಕೊಂದನ್ನು ಕೊಂಡು, ಮೊಬೈಲಿನಲ್ಲಿ ಯಾರ‍್ಯಾರೋ ಸಾಹಸಿಗಳು ಮರುಭೂಮಿ ದಾಟುವುದನ್ನು ನೋಡುತ್ತಾ ರಾತ್ರಿ ಊಟವನ್ನು ತಣ್ಣಗಾಗಿಸತೊಡಗಿದೆ. ಕೊನೆಗೊಂದು ದಿನ, ಆರುನೂರು ಚಿಲ್ಲರೆ ಕಿಲೋಮೀಟರು ದೂರದ ಉನೈಜಾಕ್ಕೆ ಒಬ್ಬನೇ ಹೋಗುತ್ತೇನೆಂದು ಮನೆಯಲ್ಲಿ ಘೋಷಿಸಿದೆ.

"ನಿಮಗೆ ಎಂತ ಮರ್ಲಾ?" ಎಂದಳು ಹೆಂಡತಿ ವಸಂತಿ. "ಕಣ್ಣಿನ ಎದುರಿರುವ ಕನ್ನಡಕ ಹುಡುಕ್ಲಿಕ್ಕೂ ನಿಮಗೆ ಜನ ಬೇಕು." ನಾನು ಬಿಡಲಿಲ್ಲ. ಅವಳೂ ಬಿಡುವವಳಲ್ಲ. ಒಪ್ಪಂದವಾಯಿತು. ಯಾರ ಸಹಾಯವೂ ಇಲ್ಲದೆ ಉನೈಜಾ ಮುಟ್ಟಿದರೆ ಬೈಕು ನನ್ನದು. ಇಲ್ಲವಾದರೆ ಬಂದ ವಾರವೇ ಮಾರಬೇಕು, ಮತ್ತೆ ಆ ಮಾತೆತ್ತಬಾರದು.

ಗಲ್ಫಿನಲ್ಲಿ ನಮ್ಮವರೊಬ್ಬರು ಪ್ರಯಾಣ ಹೊರಟರೆ ಅದು ಅವರ ಖಾಸಗಿ ವಿಷಯವಲ್ಲ. ನನ್ನ ಏಕಾಂತದ ಸುದ್ದಿ ಹಬ್ಬಿದ್ದೇ ತಡ, ಕೆಳಗಿನ ಮನೆಯ ಹಂಝಾಕ ಒಂದು ಕಟ್ಟು ಹಿಡಿದು ಬಂದರು. "ಹೇಗೂ ಹೋಗ್ತೀರಲ್ಲ ಮಾರಾಯ್ರೆ, ಉನೈಜಾದಲ್ಲಿ ನನ್ನ ಭಾವ ಇದ್ದಾನೆ. ಸ್ವಲ್ಪ ಒಣಮೀನು. ಭಾರವೇ ಇಲ್ಲ." ಆತ್ಮಶೋಧನೆಗೆ ಹೊರಟವನ ಬೆನ್ನ ಹಿಂದೆ ಹೀಗೆ ನಾಲ್ಕು ಕಿಲೋ ಒಣಮೀನು ಕೂತಿತು. ಮದೀನಾದ ಹೊರವಲಯ ದಾಟಿ ಕರಿಕಲ್ಲು, ಕೆಂಪು ಮಣ್ಣು, ಖಾಲಿ ಆಕಾಶ ಮಾತ್ರ ಉಳಿದಾಗ ಹೃದಯ ತುಂಬಿ ಬಂತೆಂದು ಬರೆಯಬೇಕು ಎಂದುಕೊಂಡಿದ್ದೆ. ತುಂಬಿದ್ದು ಮೂಗು ಮಾತ್ರ.

ಮಧ್ಯಾಹ್ನ ದಾಟಿ ಒಂದು ಪೆಟ್ರೋಲ್ ಪಂಪು ಸಿಕ್ಕಿತು. ಅಸರ್ ನಮಾಜಿನ ಹೊತ್ತು. ಅಡ್ಡ ಹಗ್ಗ ಕಟ್ಟಿದ್ದರು. ನಮಾಜಿನ ಹೊತ್ತಿಗೆ ಅಂಗಡಿ, ಪಂಪು ಎಲ್ಲ ಮುಚ್ಚುವುದು ಇಲ್ಲಿನ ಪದ್ಧತಿ. ಹತ್ತು ವರ್ಷದಿಂದ ತರಕಾರಿಗೆ, ಬ್ಯಾಂಕಿಗೆ, ಕೊನೆಗೆ ಕ್ಷೌರಕ್ಕೂ ನಾನು ಹಾಗೆ ಹೊರಗೆ ನಿಂತು ಕಾದವನೇ. "ಬೀಸ್ ಮಿನಿಟ್, ಭಾಯಿ" ಎಂದು ಹೇಳಿ ಪಂಪಿನವನು ಮಸೀದಿಯತ್ತ ನಡೆದ. ಆದರೆ ಮೊಬೈಲಿನ ಸಾಹಸಿಗಳು ಯಾರೂ ಕಾದದ್ದನ್ನು ನಾನು ನೋಡಿರಲಿಲ್ಲ. ಇನ್ನೊಂದು ಪಂಪು ಸಿಗದೆ ಎಲ್ಲಿಗೆ ಹೋಗುತ್ತದೆ ಎಂದು ಗಾಡಿ ಬಿಟ್ಟೆ. ಅದು ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ, ಸಿಗಲಿಲ್ಲ. ಪೆಟ್ರೋಲಿನ ದೇಶದಲ್ಲಿ ಪೆಟ್ರೋಲಿಲ್ಲದೆ ನಿಂತ ಕೀರ್ತಿ ನನ್ನ ಪಾಲಿಗೆ ಬಂತು.

ಬಯಸಿದ ಏಕಾಂತ ಅಲ್ಲಿ ಧಾರಾಳವಾಗಿ ಸಿಕ್ಕಿತು. ಹತ್ತು ನಿಮಿಷಕ್ಕೆ ಸಾಕಾಯಿತು. ಅರ್ಧ ಗಂಟೆಗೆ ಹೆದರಿಕೆಯಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಆಡು ತುಂಬಿದ ಪಿಕಪ್ಪೊಂದು ದೂರದಲ್ಲಿ ಕಂಡಾಗ, ಸಹಾಯ ಬೇಡವೆಂಬ ಒಪ್ಪಂದ ಮರೆತು ಎರಡೂ ಕೈ ಎತ್ತಿ ಕುಣಿದೆ. ಇಳಿದವನು ಬಿಳಿಗಡ್ಡದ, ಮರುಭೂಮಿಯ ಬದು ಬುಡಕಟ್ಟಿನ ಅಜ್ಜ, ಉನೈಜಾದ ಸಂತೆಗೆ ಹೊರಟವನು. ಡೀಸೆಲ್ ಗಾಡಿ, ನನ್ನ ಬೈಕಿಗೆ ಹಾಕಲು ಅವನಲ್ಲಿ ಏನೂ ಇಲ್ಲ. ಮೊದಲು ಫ್ಲಾಸ್ಕಿನಿಂದ ಗಹ್ವಾ ಬಗ್ಗಿಸಿ, ಖರ್ಜೂರ ಕೊಟ್ಟ. ಆ ಕಹಿ ಕಾಫಿ ಕುಡಿಯುವಾಗ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಆದರೂ ಬುದ್ಧಿ ಬರಲಿಲ್ಲ. ಬೈಕಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು, ಪಿಕಪ್ಪು ಕಾಣದ ಹಾಗೆ ಅಜ್ಜನಿಂದಲೇ ಒಂದು ಫೋಟೋ ತೆಗೆಸಿಕೊಂಡೆ. ಆಮೇಲೆ ಬೈಕು ಆಡುಗಳ ಜೊತೆ ಹತ್ತಿತು, ನಾನು ಅಜ್ಜನ ಪಕ್ಕ.

ಊರ ಹೊರಗಿನ ಪಂಪಿನಲ್ಲಿ ಇಳಿಸು, ಮುಂದೆ ಓಡಿಸಿಕೊಂಡು ಹೋಗುತ್ತೇನೆ ಎಂದು ನನ್ನ ಹರಕು ಅರಬಿಯಲ್ಲಿ ಬೇಡಿದೆ. ದಾರಿಯಲ್ಲಿ ಸಿಕ್ಕ ಅತಿಥಿಯನ್ನು ಅರ್ಧಕ್ಕೆ ಬಿಡುವ ಮನುಷ್ಯನಾಗಿರಲಿಲ್ಲ ಆತ. ಹಂಝಾಕನ ಭಾವನ ಬಾಗಿಲಿಗೇ ಮುಟ್ಟಿಸಿದ. ಭಾವ ಮೊದಲು ಒಣಮೀನು ಇಳಿಸಿಕೊಂಡರು, ಆಮೇಲೆ ಬೈಕನ್ನು, ಕೊನೆಗೆ ನನ್ನನ್ನು.

ವಸಂತಿಗೆ ಫೋಟೋ ಕಳಿಸಿದೆ: "ನಾನು, ಬೈಕು, ಮರುಭೂಮಿ. ಮತ್ತೆ ಯಾರೂ ಇಲ್ಲ."

"ಚಂದ ಉಂಟು. ಹೊಡೆದದ್ದು ಯಾರು?"

ಇಂಥ ಪ್ರಶ್ನೆಗೆ ನಾನು ಸಿದ್ಧನಾಗಿಯೇ ಇದ್ದೆ. "ಬಂಡೆ ಮೇಲೆ ಇಟ್ಟು ಟೈಮರ್ ಹಾಕಿದ್ದು."

"ಹೌದಾ. ಮೂಲೆಯಲ್ಲಿ ಬಂಡೆಯ ಹೆಬ್ಬೆರಳು ಬಿದ್ದಿದೆ ನೋಡಿ."

ದೊಡ್ಡದು ಮಾಡಿ ನೋಡಿದೆ. ಉಗುರು ಸಮೇತ ಬಿದ್ದಿತ್ತು.

ಮುಂದಿನ ವಾರ ಬೈಕು ನೋಡಲು ಬಂದವನು, "ಲಾಂಗ್ ಏನಾದ್ರೂ ಹೋಗಿದೆಯಾ ಸಾರ್ ಇದು?" ಎಂದು ಕೇಳಿದ. ಉನೈಜಾದವರೆಗೆ ಹೋಗಿದೆ, ದಾರಿಯಲ್ಲಿ ಒಂದು ಹನಿ ಎಣ್ಣೆ ಸಹ ಕುಡಿಯಲಿಲ್ಲ ಎಂದೆ. ಒಳಗೆ ಚಹಾ ಸೋಸುತ್ತಿದ್ದ ವಸಂತಿ ಕೆಮ್ಮಿದಳು.